ಗೆರೆ ದಾಟುವ ಮೊದಲೇ

ಶಕ್ತಿನಗರ
2 ಸೆಪ್ಟೆಂಬರ್ 2024

ಮೆಲಿಸಾ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಐದು ದಿನವಾಯಿತು. ನಿನ್ನೆ ಸಂಜೆ ಅತ್ತಾವರಕ್ಕೆ ಬಂದು ನಿಮ್ಮ ನರ್ಸ್‌ಗಳ ಹಾಸ್ಟೆಲ್ ಎದುರು ಮುಕ್ಕಾಲು ಗಂಟೆ ನಿಂತಿದ್ದೆ. ನೀನು ಡ್ಯೂಟಿ ಮುಗಿಸಿ ಬರುವುದು ಕಂಡಿತು. ಕೂಡಲೇ ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದೆ. ಎದುರು ನಿಂತು ಹೇಳಬೇಕಾದಾಗಲೆಲ್ಲ ನನಗೆ ಹೀಗೇ ಆಗುತ್ತದೆ, ನಿನಗೆ ಗೊತ್ತು. ಪಿಯು ಕಾಲೇಜಿನಲ್ಲಿ ನನ್ನ ಹಾಜರಿಯನ್ನೂ ನೀನೇ ಕೂಗುತ್ತಿದ್ದೆ.

ಆದ್ದರಿಂದ ಅಂಚೆ. "ಒಂದೇ ಊರಿನೊಳಗೆ ಯಾರು ಕಾಗದ ಹಾಕ್ತಾರೆ ಈಗ?" ಎಂದು ಅಮ್ಮ ಕೇಳಿದಳು.

ಆಗಸ್ಟ್ ಇಪ್ಪತ್ತೇಳರ ಬೆಳಿಗ್ಗೆ ಆದದ್ದನ್ನು ನಿನ್ನ ಪಪ್ಪ ಹೇಳಿರಬಹುದು. ನಾನು ಕಂಡ ಹಾಗೆ ಒಮ್ಮೆ ಬರೆಯುತ್ತೇನೆ.

ಆರೂ ಐವತ್ತಕ್ಕೆ ರನ್‌ವೇ ತಪಾಸಣೆಗೆ ಹೊರಟೆವು. ಸ್ಟೀರಿಂಗಿನಲ್ಲಿ ನಿನ್ನ ಪಪ್ಪ, ನನ್ನ ಲ್ಯಾನ್ಸಿ ಅಂಕಲ್; ಪಕ್ಕದಲ್ಲಿ ರಿಜಿಸ್ಟರ್ ಹಿಡಿದುಕೊಂಡು ನಾನು. ಒಡೆದ ದೀಪ, ಸತ್ತ ಹಕ್ಕಿ, ಕಲ್ಲು, ಏನು ಕಂಡರೂ ಬರೆದಿಡುವುದು ನನ್ನ ಕೆಲಸ. ಪಶ್ಚಿಮದ ತುದಿಯಲ್ಲಿ ಎರಡು ನವಿಲು ಅಡ್ಡ ಬಂದವು. ಅಂಕಲ್ ಹಾರ್ನ್ ಒತ್ತಿ, ತಲೆ ಹೊರಗೆ ಹಾಕಿ, "ಹೋಗಿ ಮಾರಾಯ್ರೆ, ನಿಮಗೆ ಪಾಸ್ ಉಂಟಾ?" ಎಂದು ಕೂಗಿದರು. ನಾನು ನಕ್ಕೆ. ಆ ದಿನ ನಕ್ಕದ್ದು ಅದೊಂದೇ ಸಲ.

ತಪಾಸಣೆ ಮುಗಿಯಿತು. ಜೀಪಿನ ಮೂತಿ ರನ್‌ವೇಯಿಂದ ಹೊರಗೆ ಹೋಗುವ ಟ್ಯಾಕ್ಸಿವೇ ಕಡೆ ತಿರುಗುತ್ತಿದ್ದ ಹಾಗೆ ಅಂಕಲ್ ವಾಕಿಟಾಕಿಯಲ್ಲಿ "ರನ್‌ವೇ ವೆಕೇಟೆಡ್" ಅಂದರು. ನಾವು ರನ್‌ವೇ ಬಿಟ್ಟಿದ್ದೇವೆ, ಇನ್ನು ವಿಮಾನ ಇಳಿಸಬಹುದು ಎಂದು ಟವರಿಗೆ ತಿಳಿಸುವ ಮಾತು ಅದು. ನೆಲದ ಮೇಲಿನ ಹಳದಿ ಗೆರೆಯನ್ನು ಜೀಪು ಪೂರ್ತಿ ದಾಟಿದ ಮೇಲೆಯೇ ಹೇಳಬೇಕೆಂದು ನಿಯಮ. ಆದರೆ ಮೂತಿ ತಿರುಗಿದ ಕೂಡಲೇ ಹೇಳಿಬಿಡುವುದು ಇಲ್ಲಿನ ಎಲ್ಲ ಡ್ರೈವರುಗಳ ರೂಢಿ. ಟವರಿನವರನ್ನು ಕಾಯಿಸಬಾರದು ಎಂಬ ಮರ್ಯಾದೆ ಅದು. ಗೆರೆ ತಲುಪಲು ಇನ್ನು ಹತ್ತು ಸೆಕೆಂಡು, ಅಷ್ಟರೊಳಗೆ ಎಂತ ಆಗ್ತದೆ?

ಅಷ್ಟರೊಳಗೆ ಅಂಕಲ್‌ಗೆ ಕನ್ನಡಿಯಲ್ಲಿ ಏನೋ ಹೊಳೆದದ್ದು ಕಂಡಿತು. ಬ್ರೇಕ್ ಹಾಕಿದರು. "ಕೂತಿರು ಮಗಾ" ಎಂದು ಇಳಿದು ಹಿಂದಕ್ಕೆ ನಡೆದರು. ಇಪ್ಪತ್ತು ಹೆಜ್ಜೆ ಇರಬಹುದು. ರನ್‌ವೇ ಮೇಲೆ ಬಗ್ಗಿ ಅದನ್ನು ಹೆಕ್ಕಿಕೊಂಡರು. ಆಗ ನನಗೆ ಶಬ್ದ ಕೇಳಿತು.

ವಿಮಾನ ಆಚೆ ತುದಿಯಿಂದ ತಗ್ಗಿ ಬರುತ್ತಿತ್ತು. ಪೈಲಟ್‌ಗೆ ಮನುಷ್ಯ ಕಂಡಿರಬೇಕು, ಒಮ್ಮೆಲೇ ಮೂತಿ ಎತ್ತಿದ. ನಮ್ಮ ತಲೆಯ ಮೇಲೆಯೇ ಹೋಯಿತು. ಚಕ್ರಗಳಲ್ಲಿದ್ದ ಗೀರುಗಳೂ ಕಂಡವು. ಹನ್ನೆರಡು ನಿಮಿಷ ಬಿಟ್ಟು ಅದೇ ವಿಮಾನ ಸುಖವಾಗಿ ಇಳಿಯಿತು. ಒಳಗಿದ್ದವರು ತಮ್ಮ ಚೀಲ ತೆಗೆದುಕೊಂಡು ಮನೆಗೆ ಹೋದರು.

ಅಂಕಲ್ ಜೀಪಿಗೆ ಹತ್ತಿ ನನ್ನ ಅಂಗೈಯಲ್ಲಿ ಅದನ್ನಿಟ್ಟರು. ಒಂದು ಬೋಲ್ಟು. ನನ್ನ ಹೆಬ್ಬೆರಳಿನಷ್ಟು ದಪ್ಪ. "ಇದನ್ನು ಬರೆ ಮಗಾ. ಚಕ್ರಕ್ಕೆ ಸಿಕ್ಕಿದ್ದರೆ ಕಥೆ ಮುಗೀತಿತ್ತು" ಅಂದರು.

ಬರೆಯಲಿಲ್ಲ. ಆಫೀಸಿನಲ್ಲಿ ಘಟನೆಯ ವರದಿ ಬರೆಯುವಾಗ ಕಮಲಾಕ್ಷ ಸರ್, ನಮ್ಮ ಸೂಪರ್‌ವೈಸರ್, ನನ್ನ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. "ನೀನು ಸಾಹಿತ್ಯ ಓದಿದವಳು, ಕಥೆ ಬರೆಯಬೇಡ. ರನ್‌ವೇ ಮೇಲೆ ಮನುಷ್ಯ ಇದ್ದನಾ? ಇದ್ದ. ಅನುಮತಿ ಇತ್ತಾ? ಇಲ್ಲ. ಅಷ್ಟೇ. ಬೋಲ್ಟಿಗೆ ಬೇರೆ ಫಾರ್ಮ್ ಉಂಟು, ಅದು ಆಮೇಲೆ." ಮೂರು ಸಾಲು ಬರೆದು ಸಹಿ ಹಾಕಿದೆ. ಮೂರೂ ಸಾಲು ಸತ್ಯ.

ಮಧ್ಯಾಹ್ನ ಶೆಡ್ಡಿಗೆ ಹೋಗಿ ನೋಡಿದೆ. ದೀಪ ರಿಪೇರಿಯ ಟ್ರಾಲಿಯ ಒಂದು ಚಕ್ರದಲ್ಲಿ ಬೋಲ್ಟಿನ ಜಾಗ ಖಾಲಿ. ಟ್ರಾಲಿ ನಮ್ಮದೇ ಗುತ್ತಿಗೆ ಕಂಪನಿಯದ್ದು.

ಬೋಲ್ಟು ನನ್ನ ಮೇಜಿನ ಡ್ರಾಯರಿನಲ್ಲಿದೆ.

ನಿನ್ನ
ಭಾರ್ಗವಿ

*

ಅತ್ತಾವರ
9 ಸೆಪ್ಟೆಂಬರ್ 2024

ಭಾರ್ಗವಿ,

ಕಾಗದ ಬಂತು. ಚೆನ್ನಾಗಿ ಬರೆದಿದ್ದೀ. ನವಿಲು ಬರೆದಿದ್ದೀ, ಚಕ್ರದ ಗೀರು ಬರೆದಿದ್ದೀ. ನನಗೆ ನಾಲ್ಕು ಪುಟ, ಆಫೀಸಿಗೆ ಮೂರು ಸಾಲು. ಉಲ್ಟಾ ಆಗಬೇಕಿತ್ತಲ್ಲ?

ನಿನ್ನೆ ಮೊಂತಿ ಹಬ್ಬ. ವರ್ಷದಲ್ಲಿ ಆ ಒಂದು ದಿನ ನಮ್ಮ ಮನೆಯಲ್ಲಿ ಮೀನು ಮಾಂಸ ಇಲ್ಲ, ಆ ಒಂದು ದಿನವೇ ನಿನ್ನ ಅಮ್ಮ ನಿನ್ನನ್ನು ನಮ್ಮಲ್ಲಿ ಊಟಕ್ಕೆ ಬಿಡುವುದು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದವಳಲ್ಲ ನೀನು. ಮಮ್ಮಿ ಮರೆತು ನಿನಗೂ ಎಲೆ ಹಾಕಿದಳು. ಪಪ್ಪ ಇಗರ್ಜಿಯಿಂದ ತಂದ ಹೊಸ ತೆನೆಯ ಅಕ್ಕಿ ಹಾಲಿಗೆ ಹಾಕಿ ಎಲ್ಲರಿಗೂ ಕೊಟ್ಟರು. ನಿನ್ನ ಎಲೆಯ ಎದುರು ಬಂದು ನಿಂತರು. ಆಮೇಲೆ ಅವರೇ ಎಲೆ ಮಡಚಿ ಒಳಗೆ ತೆಗೆದುಕೊಂಡು ಹೋದರು.

ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳನ್ನು "ಇವಳ ಅಕ್ಷರ ಒಮ್ಮೆ ನೋಡಿ ಸರ್" ಎಂದು ಆ ಕಮಲಾಕ್ಷನ ಎದುರು ನಿಲ್ಲಿಸಿದ್ದು ಯಾರು? ನಾನು ಹೇಳಬಾರದು ಅಂತಿದ್ದೆ. ಹೇಳಿ ಆಯಿತು.

ಈಗ ಕೇಳು. ಪಪ್ಪನ ಪರ್ಮಿಟ್ ತಡೆಹಿಡಿದಿದ್ದಾರೆ. ಅದಿಲ್ಲದೆ ಗೇಟಿನ ಒಳಗೆ ಗಾಡಿ ಮುಟ್ಟಲಿಕ್ಕಿಲ್ಲ. ಅಕ್ಟೋಬರ್ ಹದಿನೈದಕ್ಕೆ ಸಮಿತಿಯ ವಿಚಾರಣೆ. ರನ್‌ವೇಯಲ್ಲಿ ಬಿದ್ದದ್ದನ್ನು ಹೆಕ್ಕಲು ಇಳಿದರು ಅಂತ ದಾಖಲೆ ಇದ್ದರೆ ಮೂರು ತಿಂಗಳು ಅಮಾನತು, ಮತ್ತೆ ಒಂದು ತರಬೇತಿ, ಮುಗೀತು. ಕಾರಣ ಇಲ್ಲದೆ ಸುಮ್ಮನೆ ಇಳಿದರು ಅಂತಾದರೆ ಪರ್ಮಿಟ್ ಶಾಶ್ವತವಾಗಿ ರದ್ದು. ಇಲ್ಲಿ ಮಾತ್ರ ಅಲ್ಲ, ಯಾವ ಊರಿನ ಏರ್‌ಪೋರ್ಟಿನಲ್ಲೂ ತೆಗೆದುಕೊಳ್ಳುವುದಿಲ್ಲ.

ಗಲ್ಫಿನ ಏರ್‌ಪೋರ್ಟಿನಲ್ಲಿ ಇಪ್ಪತ್ತೆರಡು ವರ್ಷ, ಇಲ್ಲಿ ಏಳು. ಪಪ್ಪನಿಗೆ ಬೇರೆ ಕೆಲಸ ಬರುವುದಿಲ್ಲ. ಮೊನ್ನೆ ನಮ್ಮ ಮನೆಯ ಅಂಗಳದಿಂದ ರಸ್ತೆಗೆ ಸ್ಕೂಟರ್ ಇಳಿಸುವಾಗ ನಿಂತು ಎಡಬಲ ನೋಡಿ ತುಟಿ ಅಲ್ಲಾಡಿಸಿದರು. ಯಾರ ಹತ್ತಿರ ಅನುಮತಿ ಕೇಳಿದರೋ.

ಬೋಲ್ಟು ನಿನ್ನ ಡ್ರಾಯರಿನಲ್ಲಿ ಎಂತ ಮಾಡ್ತಾ ಉಂಟು? ಆ ಫಾರ್ಮ್ ತುಂಬಿಸಿ ಕೊಡು. ಅಷ್ಟು ಮಾಡು. ಪ್ರೀತಿಯ ಮಾತೆಲ್ಲ ಆಮೇಲೆ.

ಮೆಲಿಸಾ

*

ಆಫೀಸು
19 ಸೆಪ್ಟೆಂಬರ್ 2024

ಮೆಲಿಸಾ,

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಅಂಚೆಯ ಗಾಡಿ ಎರಡೂವರೆಗೆ ಬರುತ್ತದೆ, ಹಾಗಾಗಿ ನಾಲ್ಕೇ ಮಾತು.

ಬೋಲ್ಟಿನ ಫಾರ್ಮ್ ಕೊಟ್ಟಿದ್ದೇನೆ. ಸಿಕ್ಕಿದ ಜಾಗ, ಸಮಯ, ಹೆಕ್ಕಿದವರ ಹೆಸರು, ಟ್ರಾಲಿಯ ಖಾಲಿ ಜಾಗ, ಎಲ್ಲ ಬರೆದಿದ್ದೇನೆ. ಕಮಲಾಕ್ಷ ಸರ್‌ಗೆ ಬಾಯಿಬಿಟ್ಟು ಹೇಳಿಯೂ ಆಯಿತು. ಅಂಕಲ್‌ಗೆ ತಿಳಿಸು. ಇನ್ನು ಹೆದರುವುದು ಬೇಡ.

ನಿನ್ನ ಮಮ್ಮಿ ಡಾಲಿ ಆಂಟಿಗೆ ನನ್ನ ನೆನಪು ಹೇಳು. ಎಲೆಯ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ.

ನಿನ್ನ
ಭಾರ್ಗವಿ

*

ಪಂಪ್‌ವೆಲ್
25 ಸೆಪ್ಟೆಂಬರ್ 2024

ಭಾರ್ಗಿ,

ರಜೆ ಹಾಕಿ ಮನೆಗೆ ಬಂದಿದ್ದೇನೆ. ನಿನ್ನ ಕಾಗದವನ್ನು ಪಪ್ಪನಿಗೆ ಓದಿ ಹೇಳಿದೆ. "ಇನ್ನೊಮ್ಮೆ ಓದು" ಅಂದರು. ಇನ್ನೊಮ್ಮೆ ಓದಿದೆ. "ನಾನು ಹೇಳಿದ್ದೆನಾ ಇಲ್ಲವಾ? ಹೆದರುಪುಕ್ಕಿ, ಆದರೆ ಬರೆಯುತ್ತಾಳೆ" ಎಂದು ಮಮ್ಮಿಯ ಎದುರು ದೊಡ್ಡ ಭಾಷಣ. ಎಷ್ಟೋ ದಿನದ ಮೇಲೆ ಮಧ್ಯಾಹ್ನ ಮಲಗಿ ಗೊರಕೆ ಹೊಡೆದರು ಮಾರಾಯ್ತಿ. ಮಮ್ಮಿ ಫ್ಯಾನ್ ಜೋರು ಮಾಡಿ ಬಾಗಿಲು ಹಾಕಿದಳು, ಎಚ್ಚರ ಆಗಬಾರದು ಅಂತ.

ಫ್ಲೋಯ್ಡ್ ಅಂಕಲ್, ಪಪ್ಪನ ತಮ್ಮ, ಒಬ್ಬ ವಕೀಲರ ಹತ್ತಿರ ಮಾತಾಡಿ ಇಟ್ಟಿದ್ದರು. ಬೋಲ್ಟಿನ ಬಗ್ಗೆ ಮೊದಲೇ ಬರಹದಲ್ಲಿ ಕೊಡಬೇಕು, ಟ್ರಾಲಿಯನ್ನು ಸಮಿತಿಗೆ ತೋರಿಸಬೇಕು ಅಂತೆಲ್ಲ. ಪಪ್ಪ ಬೇಡ ಅಂದರು. "ಹುಡುಗಿ ಕೊಟ್ಟಾಗಿದೆ. ಫೈಲಿನಲ್ಲಿ ಉಂಟು. ನಾನು ಮೇಲಿಂದ ಮತ್ತೆ ಹೇಳಿದರೆ ಕಂಪನಿಯ ಮೇಲೆ ಗೂಬೆ ಕೂರಿಸಿದ ಹಾಗೆ ಆಗ್ತದೆ." ತಮ್ಮ ಹೇಳಿಕೆಯಲ್ಲಿ ತಮ್ಮ ತಪ್ಪು ಮಾತ್ರ ಬರೆದಿದ್ದಾರೆ, ಗೆರೆ ದಾಟುವ ಮೊದಲು ವೆಕೇಟೆಡ್ ಅಂದೆ, ಕ್ಷಮಿಸಿ ಅಂತ. ಇವತ್ತು ಬೆಳಿಗ್ಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಅನ್‌ಬ್ಲಾಕ್ ಮಾಡಲಿಲ್ಲ ಅಂತ ಸಿಟ್ಟು ಮಾಡಬೇಡ. ನಿನ್ನ ಕಾಗದ ಬರುವುದು ಚಂದ ಉಂಟು. ಹದಿನೈದು ಕಳೆಯಲಿ, ನಾನೇ ಫೋನ್ ಮಾಡ್ತೇನೆ, ಕಿವಿ ಬಿಸಿ ಆಗುವಷ್ಟು.

ಮಮ್ಮಿ ನಿನಗೆ ಬೇರೆ ಒಂದು ದಿನ ಮೀನಿಲ್ಲದ ಅಡುಗೆ ಮಾಡ್ತಾಳಂತೆ. ಪಪ್ಪನ ಮುಖ ನೋಡಬೇಕು ಆವತ್ತು.

ನಿನ್ನ
ಮೆಲ್ಲಿ

*

ಅತ್ತಾವರ
17 ಅಕ್ಟೋಬರ್ 2024

ಭಾರ್ಗವಿ,

ಫೈಲಿನಲ್ಲಿ ಬೋಲ್ಟು ಇಲ್ಲ.

ಪಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಜೀಪಿನಿಂದ ಯಾಕೆ ಇಳಿದಿರಿ ಎಂದು ಸಮಿತಿಯವರು ಕೇಳಿದರಂತೆ. ಬೋಲ್ಟು ಹೆಕ್ಕಲಿಕ್ಕೆ ಅಂದರು. ಯಾವ ಬೋಲ್ಟು, ನಿಮ್ಮ ಹೇಳಿಕೆಯಲ್ಲಿ ಇಲ್ಲವಲ್ಲ, ಬೇರೆ ಯಾವ ಕಾಗದದಲ್ಲೂ ಇಲ್ಲವಲ್ಲ ಎಂದು ಕೇಳಿದರು. ಪಪ್ಪ ಸಾಕ್ಷಿಯಾಗಿ ಕೂತಿದ್ದ ನಿನ್ನ ಕಡೆ ಕೈ ತೋರಿಸಿ, "ಅವಳು ಕೊಟ್ಟಿದ್ದಾಳೆ ಸರ್" ಅಂದರು. ಎಲ್ಲರೂ ನಿನ್ನನ್ನು ನೋಡಿದರು. ಸೇರಿಸುವುದು ಏನಾದರೂ ಉಂಟಾ ಎಂದು ಅಧ್ಯಕ್ಷರು ಎರಡು ಸಲ ಕೇಳಿದರಂತೆ. ನೀನು ತಲೆ ತಗ್ಗಿಸಿ ಇಲ್ಲ ಅನ್ನುವ ಹಾಗೆ ಆಡಿಸಿದೆಯಂತೆ.

ಮನೆಗೆ ಬಂದು ಪಪ್ಪ ಮೊದಲು ಕೇಳಿದ್ದು ಎಂತ ಗೊತ್ತುಂಟಾ? "ಅವಳಿಗೆ ಹುಷಾರಿರಲಿಲ್ಲವಾ ಏನೋ" ಅಂತ.

ಪರ್ಮಿಟ್ ಶಾಶ್ವತವಾಗಿ ರದ್ದು. ನಿನ್ನ ಅಕ್ಷರ ನಿಜವಾಗಿಯೂ ಚಂದ ಉಂಟು. ಸೆಪ್ಟೆಂಬರ್ ಹತ್ತೊಂಬತ್ತರ ಕಾಗದವನ್ನು ಫ್ಲೋಯ್ಡ್ ಅಂಕಲ್ ಮೂರು ಸಲ ಓದಿ, "ಇದರಲ್ಲಿ ಸುಳ್ಳು ಯಾವುದು ಅಂತ ಗೊತ್ತಾಗುವುದೇ ಇಲ್ಲ" ಅಂದರು.

ಮೆಲಿಸಾ

*

ಶಕ್ತಿನಗರ
3 ನವೆಂಬರ್ 2024

ಲ್ಯಾನ್ಸಿ ಅಂಕಲ್‌ಗೆ,

ಮೆಲಿಸಾ ಇದನ್ನು ಓದಿ ಹೇಳುವುದಿಲ್ಲವೆಂದು ನನಗೆ ಗೊತ್ತು. ಹಾಗಾಗಿ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಹತ್ತೊಂಬತ್ತರಂದು ಫಾರ್ಮ್ ತುಂಬಿಸಿದ್ದು ನಿಜ. ಮೂರು ಗಂಟೆಗೆ ಸರ್ ಕೋಣೆಗೆ ಹೋಗಿ ಕೊಡುವುದೆಂದು ನಿಶ್ಚಯ ಮಾಡಿದ್ದೆ. ನಿಶ್ಚಯ ಎಷ್ಟು ಗಟ್ಟಿಯಾಗಿತ್ತೆಂದರೆ ಕೊಟ್ಟೇಬಿಟ್ಟ ಹಾಗೆ ಅನಿಸಿತು. ಅಂಚೆಯ ಗಾಡಿ ಎರಡೂವರೆಗೆ ಹೋಗುತ್ತದೆ. ಇವತ್ತು ಬರೆದರೆ ನಿಮಗೆ ಒಂದು ದಿನ ಮೊದಲೇ ನೆಮ್ಮದಿ ಎಂದುಕೊಂಡೆ. ಅರ್ಧ ಗಂಟೆಯ ವ್ಯತ್ಯಾಸ. ಕೊಟ್ಟಿದ್ದೇನೆ ಎಂದು ಬರೆದು ಹಾಕಿಬಿಟ್ಟೆ.

ಮೂರಕ್ಕೆ ಹೋದೆ. ಸರ್ ನನ್ನ ಕೈಯಲ್ಲಿದ್ದ ಕಾಗದದ ಕಡೆ ನೋಡಲೇ ಇಲ್ಲ. "ಬಾ ಬಾ, ನಿನ್ನದೇ ಮಾತು. ನಿನ್ನನ್ನು ಖಾಯಂ ಮಾಡುವ ಕಾಗದ ಮೇಲಿನವರ ಸಹಿಗೆ ಹೋಗಿದೆ. ಇನ್ನು ಒಂದು ತಿಂಗಳು ಯಾರ ಕಣ್ಣಿಗೂ ಬೀಳದ ಹಾಗೆ ಇರು, ಆಯ್ತಾ?" ಅಂದರು. ಎದುರಿಗೆ ಅವಲಕ್ಕಿ ಪ್ಲೇಟ್ ದೂಡಿದರು. ನಾನು ತಿಂದೆ ಅಂಕಲ್. ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಬಂದೆ.

ನಾಳೆ ಕೊಡುತ್ತೇನೆ ಎಂದು ಪ್ರತಿದಿನ ಅಂದುಕೊಂಡೆ. ನೀವು ಮಧ್ಯಾಹ್ನ ನಿದ್ದೆ ಮಾಡಿದಿರಿ ಎಂದು ಮೆಲಿಸಾ ಬರೆದ ಮೇಲೆ ಅದೂ ಆಗದೆ ಹೋಯಿತು. ಈಗ ಕೊಟ್ಟರೆ ಮೊದಲು ಕೊಟ್ಟಿರಲಿಲ್ಲವೆಂದು ಗೊತ್ತಾಗುತ್ತದೆ. ಕೊಡದಿದ್ದರೆ ಹದಿನೈದನೇ ತಾರೀಕು ಬರುತ್ತದೆ. ಹದಿನೈದನೇ ತಾರೀಕು ಬರುವುದೇ ಇಲ್ಲವೇನೋ ಎಂಬ ಹಾಗೆ ಇದ್ದೆ.

ಸಮಿತಿಯ ಮುಂದೆ ನೀವು ಕೈ ತೋರಿಸಿದಿರಿ. ಬೆರಳು ತೋರಿಸಲಿಲ್ಲ, ಹಸ್ತ ತೋರಿಸಿದಿರಿ, ಅತಿಥಿಗಳಿಗೆ ಕುರ್ಚಿ ತೋರಿಸುವ ಹಾಗೆ. ಅದು ಮಾತ್ರ ನನಗೆ ಮರೆಯುವುದಿಲ್ಲ.

ಅಕ್ಟೋಬರ್ ಮೂವತ್ತಕ್ಕೆ ಫಾರ್ಮನ್ನು ನೇರವಾಗಿ ಸಮಿತಿಗೆ ಕೊಟ್ಟೆ. ನೀವು ಕೆಲಸ ಕಳೆದುಕೊಂಡ ಮೇಲೆ, ನನ್ನದು ಖಾಯಂ ಆದ ಮೇಲೆ. ಅವರು ಅದರ ಮೇಲೆಯೇ ಬರೆದು ವಾಪಸ್ ಕೊಟ್ಟರು: ವಸ್ತುವು ಅರವತ್ತನಾಲ್ಕು ದಿನ ನೌಕರರ ಖಾಸಗಿ ವಶದಲ್ಲಿದ್ದುದರಿಂದ ಪರಿಗಣಿಸಲು ಬರುವುದಿಲ್ಲ. ಟ್ರಾಲಿಗೆ ಹೊಸ ಚಕ್ರ ಬಂದಿದೆ. ಬಣ್ಣವನ್ನೂ ಹೊಡೆದಿದ್ದಾರೆ. ಕಮಲಾಕ್ಷ ಸರ್ ನನ್ನನ್ನು ಬೈಯಲಿಲ್ಲ. "ಆಯ್ತಲ್ಲ, ಮನಸ್ಸು ಹಗುರ ಆಯ್ತಲ್ಲ" ಎಂದಷ್ಟೇ ಹೇಳಿದರು.

ಹೊಸ ಡ್ರೈವರುಗಳಿಗೆ ಇನ್ನು ಪಾಠ ಹೇಳುವುದು ನನ್ನ ಕೆಲಸವಂತೆ. ರನ್‌ವೇ ಮೇಲೆ ಅನುಮತಿ ಇಲ್ಲದ ಮನುಷ್ಯ, ಅನುಮತಿ ಇಲ್ಲದ ವಾಹನ, ಒಂದೊಂದಕ್ಕೂ ಒಂದು ಉದಾಹರಣೆ ಕೊಡಬೇಕು. ಆಗಸ್ಟ್ ಇಪ್ಪತ್ತೇಳನ್ನು ಹೆಸರಿಲ್ಲದೆ ಒಂದು ಸ್ಲೈಡಿನಲ್ಲಿ ಸೇರಿಸಿದ್ದಾರೆ. ನನ್ನದೇ ಮೂರು ಸಾಲು.

ಬೋಲ್ಟನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನೀವು ಹೆಕ್ಕಿದ್ದು, ನಿಮ್ಮಲ್ಲೇ ಇರಲಿ. ಕ್ಷಮಿಸಿದ್ದೇನೆ ಎಂದು ನನಗೆ ಒಂದು ಸಾಲು ಬರೆದರೆ ಸಾಕು. ಬರೆಯದಿದ್ದರೂ ಕೇಳುವ ಹಕ್ಕು ನನಗಿಲ್ಲ.

ಭಾರ್ಗವಿ

*

ಪಂಪ್‌ವೆಲ್
24 ನವೆಂಬರ್ 2024

ಭಾರ್ಗವಿ ಮಗಳಿಗೆ,

ನನ್ನ ಕನ್ನಡ ಏಳನೇ ಕ್ಲಾಸಿನದ್ದು, ತಪ್ಪಿದ್ದರೆ ತಿದ್ದಿಕೊಂಡು ಓದು. ಬರೆಯುವುದು ಬೇಡ ಎಂದು ಮೆಲಿಸಾ ಹೇಳಿದಳು. ಬರೆಯಬೇಕು ಎಂದು ಡಾಲಿ ಹೇಳಿದಳು. ಮೂರು ವಾರ ಹೋಯಿತು.

ಫ್ಲೈಓವರ್ ಹತ್ತಿರದ ಒಂದು ಫ್ಲ್ಯಾಟಿನಲ್ಲಿ ಗೇಟಿನ ಕೆಲಸಕ್ಕೆ ಸೇರಿದ್ದೇನೆ. ಕಾರು ಬಂದರೆ ಕೋಲು ಎತ್ತುವುದು, ಇಳಿಸುವುದು. ಇಲ್ಲಿ ಯಾರೂ ಅನುಮತಿ ಕೇಳುವುದಿಲ್ಲ. ಹಾರ್ನ್ ಹೊಡೆಯುತ್ತಾರೆ. ಮೊದಲ ದಿನ ಒಬ್ಬರಿಗೆ ಪಾಸ್ ಉಂಟಾ ಎಂದು ಕೇಳಿದೆ. ನಾನು ಮನೆಯ ಯಜಮಾನ ಮಾರಾಯ ಎಂದು ಬೈದರು. ಬೆಳಿಗ್ಗೆ ಏಳಕ್ಕೆ ವಿಮಾನದ ಶಬ್ದ ಕೇಳಿದರೆ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಗುತ್ತದೆ. ಅಲ್ಲಿ ವಾಕಿಟಾಕಿ ಇಲ್ಲ, ಗೇಟಿನ ಬೀಗದ ಕೈ ಉಂಟು.

ನನಗೆ ಶಿಕ್ಷೆ ಆದದ್ದು ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ಬೋಲ್ಟು ಕಂಡ ಕೂಡಲೇ ಟವರಿಗೆ ಹೇಳಿ, ಅವರು ಸರಿ ಅಂದ ಮೇಲೆ ಇಳಿಯಬೇಕಿತ್ತು. ಹೇಳಲಿಲ್ಲ ಯಾಕೆಂದರೆ ಆಗಲೇ ವೆಕೇಟೆಡ್ ಅಂದಿದ್ದೆ. ಈಗ ಇಲ್ಲ, ಇನ್ನೂ ಒಳಗಿದ್ದೇನೆ ಎಂದು ಹೇಳಲು ನಾಚಿಕೆ ಆಯಿತು. ಅಷ್ಟೇ ವಿಷಯ. ಹೇಗೂ ದಾಟುತ್ತೇನಲ್ಲ ಎಂದು ಇಪ್ಪತ್ತೊಂಬತ್ತು ವರ್ಷ ಹತ್ತು ಸೆಕೆಂಡು ಮೊದಲೇ ಹೇಳಿದೆ. ಪ್ರತಿ ಸಲ ದಾಟಿದೆ. ಒಂದು ಸಲ ದಾಟಲಿಲ್ಲ. ವೆಕೇಟೆಡ್ ಅಂದ ಮೇಲೆ ಟವರಿನವರು ನಮ್ಮನ್ನು ನೋಡುವುದಿಲ್ಲ ಮಗಾ. ನಂಬುತ್ತಾರೆ. ವಿಮಾನ ಇಳಿಸುತ್ತಾರೆ.

ಪಾಠ ಮಾಡುವಾಗ ಇದನ್ನು ಹೇಳು. ಸ್ಲೈಡಿನಲ್ಲಿ ಬರೆದದ್ದು ಮಾತ್ರ ಹೇಳಬೇಡ.

ಬೋಲ್ಟನ್ನು ವಾಪಸ್ ಕಳಿಸಿದ್ದೇನೆ. ಅದು ನನ್ನದಲ್ಲ, ರನ್‌ವೇಯಲ್ಲಿ ಸಿಕ್ಕಿದ್ದು. ಸಿಕ್ಕಿದ ವಸ್ತು ಹಾಕುವ ಕೆಂಪು ಡಬ್ಬಿ ಉಂಟಲ್ಲ, ಅದಕ್ಕೆ ಹಾಕು. ರಿಜಿಸ್ಟರಿನಲ್ಲಿ ಬರೆ. ತಾರೀಕು ನೀನು ಹಾಕುವ ದಿನದ್ದೇ ಬರೆ, ಹಿಂದಿನದ್ದು ಬರೆಯಬೇಡ.

ಸಿಟ್ಟಿಲ್ಲ, ಕ್ಷಮಿಸಿದ್ದೇನೆ ಎಂದು ಒಂದು ಸಾಲು ಬರೆಯಿರಿ, ಹುಡುಗಿ ಕಾಯುತ್ತಾ ಇರಬಹುದು ಎಂದು ಡಾಲಿ ಹಿಂದೆ ನಿಂತು ಹೇಳುತ್ತಿದ್ದಾಳೆ.

ಅದು ಮನಸ್ಸಿನಲ್ಲಿ ಆದ ಮೇಲೆ ಬರೆಯುತ್ತೇನೆ.

ಲ್ಯಾನ್ಸಿ